ಸುದ್ದಿ ತರುವ ಎಳೆ

ಹಂಚಿನ ಮೇಲೆ ರೊಟ್ಟಿ ಪೂರ್ತಿ ಉಬ್ಬಿ ನಿಂತಿತು. ಶಂಕ್ರೆವ್ವ ಸೊಸೆಯ ಬಲಗೈಯನ್ನೇ ನೋಡುತ್ತ ಕೂತಿದ್ದಳು.

"ಅಂಚು ಎಲ್ಲೂ ಹರದಿಲ್ಲ ನೋಡು. ಕೈ ಬಂತು ಬಿಡು ನೇತ್ರಾ. ಇವತ್ತಿಂದ ಕೂಸಿಗಿ ನೀನ ನೀರ ಹಾಕವಾ. ನನ್ನ ಸೊಂಟಕ್ಕೂ ಒಂದೀಟ ಸೂಟಿ ಸಿಗ್ಲಿ."

ನೇತ್ರಾ ನಕ್ಕಳು. ಬಬಲೇಶ್ವರದ ತವರಿನಲ್ಲಿ ಬಾಣಂತನ ಮುಗಿಸಿ ತಿಕೋಟಾಕ್ಕೆ ಬಂದ ಹೊಸತರಲ್ಲೇ, ಗಾಳಿಗೆ ಬಡಿಯುತ್ತಿದ್ದ ಕಿಟಕಿಯನ್ನು ಹಿಡಿಯಲು ಹೋಗಿ ಅದರ ಗಾಜಿಗೆ ಬಲಗೈ ಮಣಿಕಟ್ಟು ಸೀಳಿಕೊಂಡಿದ್ದಳು. ವಿಜಯಪುರದಲ್ಲಿ ನರ ಜೋಡಿಸಿ ಹೊಲಿದಿದ್ದರು. ಅಂದಿನಿಂದ ಕೂಸಿನ ಎಣ್ಣೆ, ನೀರು ಎಲ್ಲ ಅತ್ತೆಯ ಕೈಯಲ್ಲೇ. ನೇತ್ರಾ ಅರಿವೆ ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿರುತ್ತಿದ್ದಳು. ಈಚೆಗೆ ಕೂಸು ಅತ್ತಾಗ ಅಜ್ಜಿಯ ಕಡೆಗೇ ಕೈ ಚಾಚುತ್ತಿತ್ತು.

ರೊಟ್ಟಿಯ ಅಂಚನ್ನು ಕಣ್ಣಿಂದ ನೋಡಿ ನೋಡಿ ಬಡಿದಿದ್ದೇನೆ ಎಂದು ಅವಳು ಹೇಳಲಿಲ್ಲ. ಬೆರಳು ಆಡುತ್ತಿದ್ದವು. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಹಿಟ್ಟು ತಾಗಿದ್ದೂ ತಿಳಿಯುತ್ತಿರಲಿಲ್ಲ.

ಕೈ ಹೊಲಿದಿದ್ದ ಡಾಕ್ಟರ್ ಸುಧಾರಾಣಿ ಮೊದಲೇ ಹೇಳಿದ್ದರು. "ನರದಾಗ ಎರಡು ನಮೂನಿ ಎಳಿ ಇರತಾವ್ರಿ. ಒಂದು ಕೈಗೆ ಹುಕುಂ ಒಯ್ತೈತಿ, ಒಂದು ಕೈಯಿಂದ ಸುದ್ದಿ ತರತೈತಿ. ಪೆಟ್ಟು ಬಿದ್ದಮ್ಯಾಲ ಮತ್ತ ಬೆಳ್ಯಾಕ ಎರಡೂ ತಮ್ಮೊಳಗಿನ ಪ್ರೋಟೀನು ಬದಲ ಮಾಡ್ಕೋತಾವ. ಇದರ ರೀತಿ ಬ್ಯಾರೆ, ಅದರ ರೀತಿ ಬ್ಯಾರೆ. ಜೋಡೀಲೆ ಬಂದಾವು ಅಂತ ಹೇಳಾಕ ಬರೂದಿಲ್ಲ."

ಶಂಕ್ರೆವ್ವನ ಕಿವಿಗೆ ಬಿದ್ದದ್ದು ಪ್ರೋಟೀನು ಒಂದೇ. "ಹಂಗಾರ ಮಡಕಿಕಾಳು ತಿನಸ್ತೇನ್ರಿ."

"ಇದು ನರ ತಾನ ತಯಾರ ಮಾಡೂ ಪ್ರೋಟೀನು, ಅಮ್ಮಾ."

"ತಯಾರ ಮಾಡಾಕರ ಸಾಮಾನ ಬ್ಯಾಡೇನ್ರಿ?" ಡಾಕ್ಟರು ನಕ್ಕಿದ್ದರು. ಅಂದಿನಿಂದ ಮನೆಯಲ್ಲಿ ಮೊಳಕೆ ಕಟ್ಟಿದ ಮಡಕಿಕಾಳು ತಪ್ಪಿರಲಿಲ್ಲ.

ನೇತ್ರಾ ಬಚ್ಚಲಲ್ಲಿ ಕಾಲು ಚಾಚಿ ಕೂತು, ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳು. ಬಕೆಟ್ಟಿನ ಬಿಸಿನೀರಿಗೆ ತಣ್ಣೀರು ಬೆರೆಸಿ, ಕೈಯ ಸಂಗತಿ ಮರೆತು ರೂಢಿಯಂತೆ ಬಲಗೈಯ ಎರಡು ಬೆರಳು ಅದ್ದಿದಳು. ಸುಡಲಿಲ್ಲ. ಹದವಾಗಿದೆ ಅಂದುಕೊಂಡು ತಂಬಿಗೆ ತುಂಬಿ ಎತ್ತಿದಳು. ಆಗ ಕಂಡಿತು: ಆ ಎರಡು ಬೆರಳು ಕೆಂಪಗಾಗಿದ್ದವು.

ತಂಬಿಗೆಯನ್ನು ದೂರ ಇಟ್ಟಳು. ಕೂಸು ನೀರಿಗಾಗಿ ಕಾಲು ಬಡಿಯುತ್ತಿತ್ತು. ಇನ್ನಷ್ಟು ತಣ್ಣೀರು ಸುರಿದರೆ ಯಾರಿಗೂ ತಿಳಿಯದು. ಆದರೆ ಎಷ್ಟು ಸುರಿಯಬೇಕು?

"ಅತ್ತೀ, ಸ್ವಲ್ಪ ಬರ್ರಿ."

ಹಿಟ್ಟಿನ ಕೈಯಲ್ಲೇ ಬಂದ ಶಂಕ್ರೆವ್ವ ಬಕೆಟ್ಟಿಗೆ ಕೈಯಿಟ್ಟು ಥಟ್ಟನೆ ತೆಗೆದಳು.

"ನನಗ ಬಿಸಿ ಗೊತ್ತಾಗವಲ್ದುರಿ," ಎಂದಳು ನೇತ್ರಾ, ತಲೆ ತಗ್ಗಿಸಿ. "ಹೇಳಿದ್ರ ಕೂಸಿನ ಕೊಡೂದಿಲ್ಲ ಅಂತ ಸುಮ್ಮನಿದ್ದೆ."

ಶಂಕ್ರೆವ್ವ ಅವಳ ಕೈ ಎಳೆದುಕೊಂಡಳು. ಆ ಬೆರಳುಗಳ ಮೇಲೆ ತಣ್ಣೀರು ಹನಿಸುತ್ತ ಬಹಳ ಹೊತ್ತು ಹಿಡಿದಳು. ಆಮೇಲೆ ಬಕೆಟ್ಟಿಗೂ ತಣ್ಣೀರು ಸುರಿದು, ಮೊಮ್ಮಗಳನ್ನು ಎತ್ತಿಕೊಂಡಳು. ನೇತ್ರಾ ಏಳಲು ಹೋದಳು.

"ಎಲ್ಲಿ ಹೊಂಟಿ? ಕೂಡು ಬೇ. ಇಷ್ಟು ಮಡಕಿಕಾಳು ತಿಂದು ನನ್ನ ಮುಂದ ಸುಳ್ಳ ಹೇಳ್ತಿ. ಕೈಗೆ ತಿಳಿಲಿಲ್ಲಂದ್ರ ಕಾಲಿಗಿ ತಿಳೀತೈತಿಲ್ಲ? ಮೊದಲ ನಿನ್ನ ಕಾಲಿಗಿ ಹಾಕ್ಕೋ."

ನೇತ್ರಾ ಎಡಗೈಯಿಂದ ತನ್ನ ಮೊಣಕಾಲಿನ ಕೆಳಗೆ ನೀರು ಸುರಿದುಕೊಂಡಳು. ಬೆಚ್ಚಗಿತ್ತು. ಅತ್ತೆಯತ್ತ ನೋಡಿ ತಲೆಯಾಡಿಸಿದಳು.

"ತಗೋ ನಿನ್ನ ಮಗಳ್ನ. ನನ್ನ ರೊಟ್ಟಿ ಹತ್ತತೈತಿ," ಎಂದಳು ಶಂಕ್ರೆವ್ವ. ಆದರೆ ಬಾಗಿಲು ಬಿಟ್ಟು ಕದಲಲಿಲ್ಲ.

ಕೂಸಿನ ಬೆನ್ನ ಮೇಲಿಂದ ಇಳಿದ ನೀರು ನೇತ್ರಾಳ ಕಾಲಿಗೆ ಹಿತವಾಗಿ ಹರಿಯಿತು. ಬಲಗೈಯನ್ನು ಅವಳು ಕೂಸಿನ ಪಕ್ಕಕ್ಕೆ ಆಸರೆಯಾಗಿ ಇಟ್ಟಿದ್ದಳು. ಒಂದು ತಂಬಿಗೆ, ಮತ್ತೊಂದು. ಕೂಸು ಕೇಕೆ ಹಾಕಿತು. ಏನಾಯಿತೆಂದು ನೇತ್ರಾ ಬಗ್ಗಿ ನೋಡಿದಳು. ಸಣ್ಣ ಮುಷ್ಟಿ ಅವಳ ತೋರುಬೆರಳನ್ನು ಯಾವಾಗಲೋ ಹಿಡಿದುಕೊಂಡಿತ್ತು. ಬೆರಳಿಗೆ ಅದು ತಿಳಿದಿರಲಿಲ್ಲ. ಬಕೆಟ್ಟಿನ ನೀರು ತೀರುವವರೆಗೂ ಅವಳು ಆ ಬೆರಳನ್ನು ಅಲುಗಿಸಲಿಲ್ಲ.