ಗಾಳಿ ನಿಂತ ಮೇಲೆ

ಸಮಿತಿ ಕೋಣೆಯ ಕಿಟಕಿಯ ಗಾಜು ಚೌಕಟ್ಟಿನೊಳಗೆ ಗಡಗಡ ಎಂದಿತು, ಲೋಟದ ಚಹಾದ ಮೇಲಿನ ಕೆನೆ ಸುಕ್ಕಾಯಿತು, ಇಲ್ಲಿಯೇ ಇಷ್ಟು ಗಾಳಿಯಾದರೆ ಬಯಲಲ್ಲಿ ಇನ್ನೆಷ್ಟೋ — ತಮ್ಮ ಈಗ ನೆಲದ ಮೇಲಿದ್ದಾನೋ ಕಂಬದ ಮೇಲೋ, ಫೋನು ಎತ್ತುತ್ತಿಲ್ಲ, ಕಂಬ ಹತ್ತಿದವನು ಎತ್ತುವುದಾದರೂ ಹೇಗೆ, ಲೈನ್‌ಮನ್ ಅಂದರೆ ಅಷ್ಟೇ, ಬೆಳಕಿದ್ದಾಗ ಯಾರಿಗೂ ನೆನಪಾಗದವನು, ಹೋದಾಗ ಊರೆಲ್ಲರ ಬೈಗುಳಕ್ಕೆ ಸಿಗುವವನು. ಸಮಿತಿಯ ಅಧ್ಯಕ್ಷರು ಮಸೂದೆ ಓದುತ್ತಿದ್ದಾರೆ, ಬಿರುಗಾಳಿಯೇ ಇರಲಿ ನೆರೆಯೇ ಇರಲಿ, ಹೋದ ವಿದ್ಯುತ್ತು ಆರು ಗಂಟೆಯೊಳಗೆ ಬರತಕ್ಕದ್ದು, ಬಾರದಿದ್ದರೆ ಆ ಭಾಗದ ಸಿಬ್ಬಂದಿಯ ಮೇಲೆ ಕ್ರಮ — ಬರೆಸಿದವಳು ತಾನೇ. ಬರೆಸದೆ ಏನು ಮಾಡಬೇಕಿತ್ತು, ಕಳೆದ ಬಿರುಗಾಳಿಗೆ ವಾರವಿಡೀ ಕತ್ತಲು, ಕರೆಂಟಿನ ಶಾಖದಲ್ಲಿ ಮರಿ ಮಾಡುವ ಪೆಟ್ಟಿಗೆಯಲ್ಲಿ ಕೋಳಿಮೊಟ್ಟೆಗಳೆಲ್ಲ ತಣ್ಣಗಾಗಿ, ಕೋಳಿ ಸಾಕುವ ಮುದುಕಿಯೊಬ್ಬಳು ಒಂದನ್ನು ತಂದು ಅಂಗೈಯಲ್ಲಿಟ್ಟಳಲ್ಲ, ಇದೇ ನೋಡಮ್ಮಾ ಶಾಸಕಿ, ನಿಂಗೆ ಹಾಕಿದ ಓಟು. ಅಂದೇ ಮಾತು ಕೊಟ್ಟದ್ದು. ಅದೇ ಗಾಳಿಯಲ್ಲಿ, ಬೇರೆ ಆಳು ಸಿಗದೆ, ಏಣಿ ಒತ್ತಿ ಹಿಡಿದು ನಿಂತವಳೂ ತಾನೇ, ಮೇಲೆ ತಮ್ಮ, ನೆನೆದ ಕೈಗವಸು ಜಾರುತ್ತದೆಂದು ಹಲ್ಲಲ್ಲಿ ಕಚ್ಚಿ ಎಳೆದು, ಬರಿಗೈ ತಂತಿಯ ಕಡೆಗೆ — ಬೇಡ, ಈಗ ಅದು ಬೇಡ. ಇವತ್ತು ಬೆಳಿಗ್ಗೆ ತಮ್ಮ ಫೋನಿನಲ್ಲಿ ನಗುನಗುತ್ತಲೇ ಹೇಳಿದ, ನಿನ್ನ ಆರು ಗಂಟೆ ಗಾಳಿ ನಿಂತ ಮೇಲೆ ಶುರುವಾಗ್ಲಿ ಅಂತ ಒಂದು ಸಾಲು ಸೇರಿಸ್ಬಿಡು, ಗಾಳಿಗೆ ಗಡಿಯಾರ ನೋಡೋಕೆ ಬರಲ್ಲ ಕಣಕ್ಕಾ. ಒಂದೇ ಸಾಲು. ಸೇರಿಸಿದರೆ ತಮ್ಮನಿಗೋಸ್ಕರ ಕಾನೂನು ತಿದ್ದಿದಳು ಅನ್ನುತ್ತಾರೆ, ಸೇರಿಸಿದರೆ ಮಸೂದೆ ಮತ್ತೆ ಇಲಾಖೆಗೆ, ಅಲ್ಲಿಗೆ ಹೋದದ್ದು ಮುಂದಿನ ಮಳೆಗಾಲಕ್ಕೂ ಹಿಂದಿರುಗದು, ಮುದುಕಿ ಇನ್ನೊಂದು ಮೊಟ್ಟೆ ತರುತ್ತಾಳೆ, ಸೇರಿಸದಿದ್ದರೆ ಗಾಳಿಯಲ್ಲೇ ಅವನು ಕಂಬ — ಗಾಜು ಮತ್ತೆ ಗಡಗಡ, ಹಲ್ಲಲ್ಲಿ ಕೈಗವಸು, ಒಪ್ಪುವವರು ಕೈ ಎತ್ತಿ, ಅಧ್ಯಕ್ಷರ ದನಿ. ಎದ್ದವು ಕೈಗಳು, ಒಂದಾದ ಮೇಲೊಂದು, ಹೇಳಬೇಕು, ಈಗಲೇ ಹೇಳಬೇಕು, ಆ ಒಂದು ಸಾಲು. ಏನ್ ಮೇಡಂ, ನೀವೇ ಹೆತ್ತ ಮಗು, ನೀವೇ ಎತ್ಕೊಳ್ದಿದ್ರೆ ಹೇಗೆ, ಅಧ್ಯಕ್ಷರ ಮಾತಿಗೆ ಎಲ್ಲರೂ ನಕ್ಕರು, ಅವಳೂ ನಕ್ಕಳು, ನಗುತ್ತಿರುವಾಗಲೇ ಕೈ ತನ್ನಷ್ಟಕ್ಕೆ ಮೇಲೆ ಹೋಯಿತು, ಅವಿರೋಧ ಎಂದರು ಯಾರೋ, ಉಳಿದ ಕೈಗಳೆಲ್ಲ ಇಳಿದವು, ಕುರ್ಚಿಗಳು ಸರಿದವು, ಅವಳದು ಇಳಿಯುತ್ತಿಲ್ಲ, ಮೇಲೆ ತಮ್ಮ, ಹಲ್ಲಲ್ಲಿ ಕಚ್ಚಿದ ಕೈಗವಸಿನಿಂದ ನೀರು ತೊಟ್ಟಿಕ್ಕುತ್ತಿದೆ, ಬರಿಗೈ ತಂತಿಯ ಕಡೆಗೆ, ಬರಿಗೈ —