ತೊಗಟೆಯ ಬುಟ್ಟಿ

ಮಡಿಕೆಯಾದ ಕಡೆಯಲ್ಲೆಲ್ಲ ನಕ್ಷೆ ಸವೆದು ತೂತಾಗಿತ್ತು. ಮಾರಿತ್ ಅದನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿ, ಮೂಲೆಗಳು ಸುರುಟಿಕೊಳ್ಳದ ಹಾಗೆ ಸಕ್ಕರೆ ಡಬ್ಬಿ, ಎರಡು ಕಾಫಿ ಬಟ್ಟಲು ಮತ್ತು ಅಪ್ಪನ ಕನ್ನಡಕದ ಪೆಟ್ಟಿಗೆ ಇಟ್ಟಳು.

"ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬಿಟ್ರೆ ಹನ್ನೊಂದಕ್ಕೆಲ್ಲ ಕಪ್ಪುಕೆರೆ ಹತ್ರ ಇರ್ತೀವಿ," ಅಂದಳು. "ಈ ವಾರ ಬೇಟೆಯವರೂ ಇರಲ್ಲ. ಎರಡು ರಾತ್ರಿ ಟೆಂಟು, ಭಾನುವಾರ ಕರಡಿಗುಡ್ಡ ಸುತ್ತಿಕೊಂಡು ವಾಪಸ್ಸು. ದಿಮ್ಮಿ ಬಯಲಲ್ಲಿ ಕಾರು ನಿಲ್ಲಿಸೋದು, ಯಾವಾಗ್ಲೂ ಮಾಡೋ ಹಾಗೆ."

ಅವಳ ಅಪ್ಪ ಹಿಲ್ಡಿಂಗ್ ಕಿಟಕಿಯ ಹೊರಗೆ ಮೊಳೆ ಹೊಡೆದಿದ್ದ ತಾಪಮಾಪಕವನ್ನು ನೋಡುತ್ತಿದ್ದ. "ಮೂರು ಡಿಗ್ರಿ," ಅಂದ.

ಅದು ಒಪ್ಪಿಗೆಯೋ ಅಲ್ಲವೋ ಹೇಳುವುದು ಕಷ್ಟ. ನಲವತ್ತು ವರ್ಷ ಮರದ ದಿಮ್ಮಿಯ ಲಾರಿ ಓಡಿಸಿದವನು. ಒಬ್ಬನೇ ಕೂತು ಓಡಿಸಿ ಓಡಿಸಿ ಮಾತಿನ ಅಭ್ಯಾಸವೇ ತಪ್ಪಿಹೋಗಿತ್ತು ಎಂದು ಅವನ ಹೆಂಡತಿ ಐವೋರ್ ಹೇಳುತ್ತಿದ್ದಳು. ಅವಳು ಹೋಗಿ ಆರು ವರ್ಷವಾಗಿತ್ತು. ಪ್ರವಾಸಕ್ಕೆ ಬೇಕಾದ ಸಾಮಾನಿನ ಪಟ್ಟಿ ಮಾತ್ರ ಅವಳ ಕೈಬರಹದಲ್ಲೇ ಕಪಾಟಿನ ಬಾಗಿಲ ಒಳಗೆ ಅಂಟಿಕೊಂಡಿತ್ತು. ಪ್ರತಿ ಸೆಪ್ಟೆಂಬರ್ ಕೊನೆಗೆ ಯೆವ್ಲೆ ಪಟ್ಟಣದ ತನ್ನ ಮನೆಯಿಂದ ಮಾರಿತ್ ಬರುತ್ತಿದ್ದಳು, ಬಾಗಿಲು ತೆರೆದು ಪಟ್ಟಿ ಓದುತ್ತಿದ್ದಳು, ಹಿಲ್ಡಿಂಗ್ ಒಂದೊಂದಕ್ಕೂ "ಇದೆ" ಅನ್ನುತ್ತಿದ್ದ. ಈ ಸಲ ಅವಳ ಸ್ವರ ಸ್ವಲ್ಪ ಜೋರಾಗಿತ್ತು. ಮಂಗಳವಾರ ಅಪ್ಪ ಒಬ್ಬನೇ ಬಸ್ಸು ಹಿಡಿದು ಫಾಲುನ್ ಆಸ್ಪತ್ರೆಗೆ ಹೋಗಿ ಬಂದಿದ್ದ. ಫೋನಿನಲ್ಲಿ ಕೇಳಿದ್ದಕ್ಕೆ "ಬಸ್ಸು ಸರಿಯಾದ ಹೊತ್ತಿಗೆ ಬಂತು" ಎಂದಷ್ಟೇ ಹೇಳಿದ್ದ.

"ಟೆಂಟು."

"ಇದೆ."

"ಸ್ಪಿರಿಟ್ ಒಲೆ."

"ಇದೆ."

"ಕೊಡಲಿ."

ಹಿತ್ತಿಲ ಬಾಗಿಲು ತೆರೆಯಿತು. "ಕೊಡಲಿಗೆ ಅಂತಾನೇ ಬಂದೆ!" ಎನ್ನುತ್ತ ಪಕ್ಕದ ಮನೆಯ ಟೂರೆ ಒಳಗೆ ಕಾಲಿಟ್ಟ. ಅವನ ಮನೆಯಲ್ಲಿ ಸಾಣೆಕಲ್ಲಿತ್ತು. ಪ್ರತಿ ವರ್ಷ ಹೊರಡುವ ಮುಂಚೆ ಹಿಲ್ಡಿಂಗನ ಕೊಡಲಿ ಒಯ್ದು ಹರಿತ ಮಾಡಿ ತಂದುಕೊಡುವುದು ಅವನ ಪಾಲಿನ ಕೆಲಸ. ಬದಲಿಗೆ ಒಂದು ಕಾಫಿ, ನಕ್ಷೆಯ ಮೇಲೆ ಒಂದು ಕಳ್ಳನೋಟ.

"ಮುಚ್ಚಿಡು ಮಾರಿತ್, ನಕ್ಷೆ ಮುಚ್ಚಿಡು. ನಾನು ನೋಡಿದ್ರೆ ನಿಮ್ಮಪ್ಪಂಗೆ ನಿದ್ದೆ ಬರಲ್ಲ."

"ನೋಡು ಟೂರೆ ಮಾವ, ಚೆನ್ನಾಗಿ ನೋಡು. ಇದರಲ್ಲಿ ಏನೂ ಬರೆದಿಲ್ಲ."

"ಬರೀತಾನಾ ಈ ಮುದಿನರಿ? ಮೂವತ್ತು ವರ್ಷದಿಂದ ಆ ದಿಮ್ಮಿ ಬಯಲಲ್ಲಿ ಕಾರು ನಿಲ್ಲಿಸ್ತಾನೆ. ಮೂವತ್ತು ವರ್ಷದಿಂದ ನಾನು ಅದರ ಸುತ್ತಮುತ್ತ ಮೂಗು ನೆಲಕ್ಕೆ ಹಚ್ಚಿಕೊಂಡು ಹುಡುಕ್ತಿದೀನಿ. ಸಿಕ್ಕಿದ್ದೇನು ಹೇಳು? ಒಂದು ಎಡಗೈ ಗವಸು."

"ಅದು ನಂದೇ," ಹಿಲ್ಡಿಂಗ್ ಅಂದ. "ನಿನಗೋಸ್ಕರಾನೇ ಬಿಟ್ಟಿದ್ದೆ."

ಟೂರೆ ತೊಡೆ ತಟ್ಟಿಕೊಂಡು ನಕ್ಕ. ಆ ಕಣಿವೆಯಲ್ಲಿ ಯಾರೂ ತಮ್ಮ ಅಣಬೆಯ ಜಾಗ ಯಾರಿಗೂ ಹೇಳುವುದಿಲ್ಲ. ಮನೆಯ ಬೀಗದಕೈ ಕೊಟ್ಟಾರು, ದೋಣಿ ಕೊಟ್ಟಾರು, ಇದನ್ನು ಕೊಡರು. ಹಿಲ್ಡಿಂಗನ ಜಾಗದಲ್ಲಿ ಬೆಳೆಯುವ ಹಳದಿ ಕಾಲಿನ ಪುಟ್ಟ ತುತ್ತೂರಿ ಅಣಬೆಗಳು ಒಣಗಿ ಗಾಜಿನ ಭರಣಿಗಳಲ್ಲಿ ತುಂಬಿ ವರ್ಷವಿಡೀ ಅಡುಗೆಮನೆಯ ಹಲಗೆಯ ಮೇಲೆ ಸಾಲಾಗಿ ನಿಂತಿರುತ್ತಿದ್ದವು. ಕಪ್ಪುಕೆರೆಯ ದಡದಲ್ಲಿ ಟೆಂಟು ಹಾಕಿದ ಮರುದಿನ ಬೆಳಿಗ್ಗೆ ಅವನು ಬರ್ಚ್ ಮರದ ತೊಗಟೆಯ ಬೆನ್ನುಬುಟ್ಟಿ ಏರಿಸಿಕೊಂಡು ದಿಮ್ಮಿ ಬಯಲಿನ ದಿಕ್ಕಿಗೆ ಹೊರಟರೆ, ಎರಡು ಗಂಟೆ ಬಿಟ್ಟು ತುಂಬಿದ ಬುಟ್ಟಿಯೊಂದಿಗೆ ಮರಳುತ್ತಿದ್ದ. ಹಾಸಿಗೆ ಹಿಡಿದ ಮೇಲೆ ಐವೋರ್ ಒಂದು ದಿನ, "ಈಗಲಾದ್ರೂ ಹೇಳಿಬಿಡು, ನಾನು ಯಾರಿಗೆ ಹೇಳ್ಲಿ?" ಎಂದು ಕೇಳಿದ್ದಳಂತೆ. "ಅಲ್ಲಿ ಮೇಲೆ ಟೂರೆಯ ಅಪ್ಪ ಇದಾನಲ್ಲ" ಎಂದಿದ್ದನಂತೆ ಇವನು. ಅವಳು ನಕ್ಕು ನಕ್ಕು ಕೆಮ್ಮು ಬಂದು ನರ್ಸು ಓಡಿಬಂದಿದ್ದಳು.

"ನಮ್ಮಪ್ಪಾನೂ ಹೀಗೇ," ಟೂರೆ ಕಾಫಿ ಹೀರಿದ. "ಸಾಯೋಕೆ ಮೂರು ವಾರ ಇದ್ದಾಗ ಬಾಯಿಬಿಟ್ಟ. ಅಮ್ಮನ್ನ ಹೊರಗೆ ಕಳಿಸಿ, ಬುಟ್ಟಿ ತಂದು ನನ್ನ ಬೆನ್ನಿಗೆ ಏರಿಸಿ, ಪಟ್ಟಿ ಬಿಗಿ ಮಾಡಿದ. ಆಗಲೇ ಗೊತ್ತಾಯ್ತು ನಂಗೆ. ಡಾಕ್ಟ್ರು ಇನ್ನೂ ಏನೂ ಹೇಳಿರಲಿಲ್ಲ." ಅವನು ಬಟ್ಟಲನ್ನು ನಕ್ಷೆಯ ಮೂಲೆಗೆ ಸರಿಯಾಗಿ ವಾಪಸ್ಸು ಇಟ್ಟ. "ನಿಮ್ಮಪ್ಪ ಇನ್ನೂ ಇಪ್ಪತ್ತು ವರ್ಷ ಹೇಳಲ್ಲ ಬಿಡು. ಜಿಪುಣ."

ಕೊಡಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವನು ಹೋದ. ಅವನು ಬಿಟ್ಟುಹೋದ ನಗು ಸ್ವಲ್ಪ ಹೊತ್ತು ಕೋಣೆಯಲ್ಲಿ ಇದ್ದು ಆಮೇಲೆ ಇಲ್ಲವಾಯಿತು.

ಮಾರಿತ್ ಮತ್ತೆ ಕಪಾಟಿನ ಕಡೆ ತಿರುಗಿದಳು. "ಮಲಗೋ ಚೀಲ, ಎರಡು."

ಹಿಂದೆ ಕುರ್ಚಿ ಎಳೆದ ಸದ್ದಾಯಿತು.

"ಮಲಗೋ ಚೀಲ ಎರಡು, ಅಪ್ಪಾ."

"ಒಂದು," ಹಿಲ್ಡಿಂಗ್ ಅಂದ.

ಅವಳು ತಿರುಗಲಿಲ್ಲ. ಅಮ್ಮನ ಅಕ್ಷರಗಳನ್ನೇ ನೋಡುತ್ತ ನಿಂತಳು. ಎರಡು ಅನ್ನುವ ಅಂಕಿಯ ಬಾಲವನ್ನು ಅಮ್ಮ ಯಾವಾಗಲೂ ಉದ್ದಕ್ಕೆ ಎಳೆಯುತ್ತಿದ್ದಳು. "ಸರಿ, ಚಳಿ ಅನ್ನೋದಾದ್ರೆ ಟೆಂಟು ಬೇಡ. ಹಳ್ಳಿ ಹತ್ರ ಬಾಡಿಗೆ ಕೋಣೆ ಸಿಗುತ್ತೆ. ನೀನು ಕಾರಲ್ಲೇ ಕೂತಿರು, ನಾನು ಎಲ್ಲ ಮಾಡ್ತೀನಿ. ಅಡುಗೆ, ಸೌದೆ, ಎಲ್ಲ. ನೀನು ಸುಮ್ನೆ ಕೂತ್ಕೊ."

"ಮಾರಿತ್, ಪೆನ್ಸಿಲ್ ಎಲ್ಲಿದೆ?"

ಆಗ ಅವಳು ತಿರುಗಿದಳು. ಅಪ್ಪ ಮೇಜಿಗೆ ಬಂದು ಕೂತಿದ್ದ, ಪೆಟ್ಟಿಗೆಯಿಂದ ಕನ್ನಡಕ ತೆಗೆದು ಹಾಕಿಕೊಂಡಿದ್ದ. ಭಾರ ಹೋದ ಆ ಮೂಲೆ ಮೆಲ್ಲಗೆ ಮೇಲೇಳುತ್ತಿತ್ತು. ಅವನ ಅಂಗಿಯ ಕೊರಳು ಎಷ್ಟು ಅಗಲವಾಗಿದೆ ಎಂಬುದನ್ನು ಅವಳು ಬಂದಾಗಿನಿಂದ ನೋಡಿಯೂ ನೋಡದವಳಂತೆ ಇದ್ದಳು. ಅವಳು ಎರಡು ಹೆಜ್ಜೆಯಲ್ಲಿ ಬಂದು ಕಪ್ಪುಕೆರೆಯ ಮೇಲೆ ಅಂಗೈ ಊರಿದಳು.

"ಬೇಡ."

"ಕೈ ತೆಗಿ."

"ನಂಗೆ ಗೊತ್ತಾಗೋದು ಬೇಡ. ನಂಗೆ ಅಣಬೆ ಸೇರೋದೂ ಇಲ್ಲ."

"ಸುಳ್ಳು ಹೇಳ್ಬೇಡ. ಚಿಕ್ಕವಳಿದ್ದಾಗ ಬಾಣಲೆ ನೆಕ್ತಿದ್ದೆ."

"ಅಪ್ಪಾ, ಡಾಕ್ಟ್ರು ಏನಂದ್ರು?"

ಹಿಲ್ಡಿಂಗ್ ಕನ್ನಡಕ ಸರಿಮಾಡಿಕೊಂಡ. "ಒಳ್ಳೇ ಹುಡುಗಿ. ನಿನಗಿಂತ ಚಿಕ್ಕವಳು. ತುಂಬಾ ಮಾತಾಡಿದ್ಲು, ಚಿತ್ರ ಎಲ್ಲ ತೋರಿಸಿದ್ಲು. ಕ್ರಿಸ್ಮಸ್ಸಿಗೆ ಮಗಳ ಮನೆಗೆ ಹೋಗೋ ಯೋಚನೆ ಇದೆ ಅಂತ ನಾನಂದೆ." ಅವನು ಮೇಲೆದ್ದಿದ್ದ ನಕ್ಷೆಯ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದ. "ಅಲ್ಲೀವರೆಗೆ ಮಾತಾಡ್ತಾ ಇದ್ಲು."

ಹೊರಗೆ ಯಾರದೋ ಟ್ರಾಕ್ಟರು ಹೋಯಿತು. ಭರಣಿಗಳು ಸಣ್ಣಗೆ ಕಿಣಿಗುಟ್ಟಿ ಸುಮ್ಮನಾದವು. ಮಾರಿತಳ ಕೈ ನಕ್ಷೆಯ ಮೇಲೇ ಇತ್ತು. ಹಿಲ್ಡಿಂಗ್ ಅದನ್ನು ಎಳೆಯಲಿಲ್ಲ. ತನ್ನ ಕೈಯನ್ನು ಅದರ ಪಕ್ಕಕ್ಕೆ, ಮುಟ್ಟದ ಹಾಗೆ ಇಟ್ಟುಕೊಂಡು ಕಾದ. ಲಾರಿಯಲ್ಲಿ ರೈಲುಗೇಟು ತೆರೆಯುವುದನ್ನು ಕಾದು ರೂಢಿಯಾದವನ ಕಾಯುವಿಕೆ ಅದು. ಕಡೆಗೆ ಅವಳೇ ಕೈ ತೆಗೆದಳು. ಒಲೆಯ ಪಕ್ಕದ ಡಬ್ಬಿಯಿಂದ ಪೆನ್ಸಿಲ್ ತಂದುಕೊಟ್ಟಳು.

"ದಿಮ್ಮಿ ಬಯಲಲ್ಲಿ ಏನೂ ಇಲ್ಲ," ಅಂದ ಅವನು. "ಅದು ಟೂರೆನ ದಾರಿ ತಪ್ಪಿಸೋಕೆ."

"ಮತ್ತೆ?"

ಪೆನ್ಸಿಲ್ಲಿನ ಮೊನೆ ದಿಮ್ಮಿ ಬಯಲನ್ನು ಬಿಟ್ಟು ಮಣ್ಣುರಸ್ತೆಯಲ್ಲಿ ಹಿಂದಕ್ಕೆ ಬಂತು, ತೊರೆ ದಾಟಿತು, ಕೆರೆಯ ದಡಕ್ಕೆ ಬಂತು. ಅವರು ಪ್ರತಿ ವರ್ಷ ಟೆಂಟು ಹಾಕುವ ಜಾಗದ ಬೆನ್ನಿಗೇ ಅವನು ಒಂದು ಸಣ್ಣ ಗುರುತು ಹಾಕಿದ.

ಮಾರಿತ್ ಬಗ್ಗಿ ನೋಡಿದಳು. "ಇದು ನಮ್ಮ ಟೆಂಟು."

"ಟೆಂಟಿನ ಹಿಂದೆ ದೊಡ್ಡ ಬಂಡೆ ಇದೆಯಲ್ಲ, ಪಾಚಿ ಹತ್ತಿದ್ದು. ಅದರಾಚೆ ಇಳಿಜಾರು. ಇನ್ನೂರು ಹೆಜ್ಜೆ ಆದ್ರೆ ಹೆಚ್ಚು. ಎಡಗಡೆಯಿಂದ ಶುರು ಮಾಡು, ಬೇರು ಕೀಳ್ಬೇಡ, ಕತ್ತರಿಸು. ಸಣ್ಣವನ್ನ ಬಿಡು."

"ಇನ್ನೂರು ಹೆಜ್ಜೆ?" ಅವಳಿಗೆ ನಗು ಬಂದಂತಾಯಿತು. "ಎರಡು ಗಂಟೆ ಹೋಗ್ತಿದ್ದೆ ನೀನು!"

"ಕೊಯ್ಯೋಕೆ ಅರ್ಧ ಗಂಟೆ ಸಾಕು. ಬಯಲಿನ ಕಡೆಗೆ ಹೋಗಿ ಸುತ್ತಿಕೊಂಡು ವಾಪಸ್ಸು ಬಂದು ಕೊಯ್ದುಬಿಡ್ತಿದ್ದೆ. ಬೇಗ ಬಂದ್ರೆ ಹತ್ತಿರ ಅಂತ ನಿಮಗೆ ಗೊತ್ತಾಗಿಬಿಡ್ತಿತ್ತಲ್ಲ? ಆ ಬಂಡೆ ಹಿಂದೇನೇ ಕೂತಿರ್ತಿದ್ದೆ."

"ಅಷ್ಟು ಹೊತ್ತು ಕೂತ್ಕೊಂಡು ಏನ್ ಮಾಡ್ತಿದ್ದೆ?"

ಹಿಲ್ಡಿಂಗ್ ಪೆನ್ಸಿಲ್ಲನ್ನು ನಕ್ಷೆಯ ಅಂಚಿಗೆ ನೇರವಾಗಿ ಜೋಡಿಸಿ ಇಟ್ಟ.

"ನೀವಿಬ್ರು ಮಾತಾಡೋದು ಕೇಳಿಸ್ತಿತ್ತು," ಅಂದ. "ನಿಮ್ಮಮ್ಮ ನಗೋದು. ಕೆರೆ ಪಕ್ಕ ಅಲ್ವಾ, ಸದ್ದು ಚೆನ್ನಾಗಿ ಬರುತ್ತೆ."

ಮಾರಿತ್ ಕುರ್ಚಿ ಎಳೆದು ಕೂತಳು. ಆ ಬೆಳಗುಗಳಲ್ಲಿ ತಾವಿಬ್ಬರೂ ಏನೇನು ಮಾತಾಡಿದ್ದೆವು ಎಂದು ನೆನಪಿಸಿಕೊಳ್ಳಲು ನೋಡಿದಳು. ಅಪ್ಪನ ಮೂಕತನದ ಬಗ್ಗೆ ದೂರಿದ್ದೂ ಇತ್ತು. ಅವನ ನಡಿಗೆಯನ್ನು ಅಮ್ಮ ಅನುಕರಿಸಿ ತೋರಿಸಿದ್ದಳು. ತನ್ನ ಮದುವೆ ಮುರಿಯುತ್ತಿದ್ದ ವರ್ಷ, ಕಾಫಿ ಕುದಿಯುತ್ತಿದ್ದಾಗ, ಅಪ್ಪನಿಗೆ ಹೇಳಬೇಡ ಎಂದು ಅಮ್ಮನ ಕೈ ಹಿಡಿದು ಅತ್ತಿದ್ದಳು. ಅವತ್ತು ಮಧ್ಯಾಹ್ನ ಬುಟ್ಟಿಯೊಂದಿಗೆ ಬಂದ ಅಪ್ಪ, ಏನೂ ಕೇಳದೆ, ಅಣಬೆಯಲ್ಲೆಲ್ಲ ಎಳೆಯದನ್ನು ಆರಿಸಿ ಬೆಣ್ಣೆಯಲ್ಲಿ ಹುರಿದು ಮೊದಲು ಅವಳ ತಟ್ಟೆಗೆ ಹಾಕಿದ್ದ.

"ಅಮ್ಮ ಹೋದ ಮೇಲೆ ಏನ್ ಕೇಳಿಸ್ಕೊಳ್ತಿದ್ದೆ?" ಅವಳು ಕೇಳಿದಳು. "ಈ ಆರು ವರ್ಷ ನಾನೊಬ್ಬಳೇ ಇರ್ತಿದ್ದೆನಲ್ಲ."

"ನೀನು ಪಾತ್ರೆ ತೊಳೀತಿದ್ದೆ."

ಅವನು ಮೇಜು ಹಿಡಿದು ಎದ್ದು ನಡುಮನೆಗೆ ಹೋದ. ಗೂಟದಿಂದ ಬುಟ್ಟಿ ಇಳಿಸುವ ಸದ್ದು, ನಡುವೆ ಒಮ್ಮೆ ಗೋಡೆಗೆ ಒರಗಿ ಉಸಿರು ತೆಗೆದುಕೊಳ್ಳುವ ಸದ್ದು ಅವಳಿಗೆ ಕೇಳಿಸಿತು. ಎದ್ದು ಹೋಗಬೇಕೆನಿಸಿತು, ಹೋಗಲಿಲ್ಲ. ಅವನ ಅಜ್ಜ ನೇಯ್ದ ಬುಟ್ಟಿ ಅದು, ತೊಗಟೆ ಕಂದಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಒಳಗಿನಿಂದ ಕಳೆದ ವರ್ಷದ ಕಾಡಿನ ವಾಸನೆ ಬರುತ್ತಿತ್ತು.

"ನಿಲ್ಲು. ತಿರುಗು."

ಅವಳು ಎದ್ದು ಕಿಟಕಿಗೆ ಮುಖ ಮಾಡಿ ನಿಂತಳು. ಅವನು ಬುಟ್ಟಿಯನ್ನು ಅವಳ ಬೆನ್ನಿಗೆ ಏರಿಸಿದ. ಅದು ಸೊಂಟದ ಕೆಳಕ್ಕೆ ಜೋತುಬಿತ್ತು.

"ಪಟ್ಟಿ ನಾಲ್ಕು ಬೆರಳು ಉದ್ದ ಆಗುತ್ತೆ," ಎಂದು ಗೊಣಗಿ ಸಲಕರಣೆಯ ಸೆಳೆಖಾನೆಯಲ್ಲಿ ದಬ್ಬಳ ಹುಡುಕಿದ. ಪಟ್ಟಿಯನ್ನು ಅವಳ ಹೆಗಲ ಮೇಲಿಂದ ಎಳೆದು ಹಿಡಿದು, ಉಗುರಿನಿಂದ ಗುರುತು ಮಾಡಿ, ಬಿಚ್ಚಿ, ಮೇಜಿನ ಅಂಚಿಗಿಟ್ಟು ಚುಚ್ಚಿದ. ಹಳೆಯ ಚರ್ಮ ಸುಲಭಕ್ಕೆ ಬಿಡಲಿಲ್ಲ. ದಬ್ಬಳ ಎರಡು ಸಲ ಜಾರಿತು.

"ಕೊಡು, ನಾನು..."

"ಕಿಟಕಿ ಕಡೆ ನೋಡ್ತಾ ನಿಂತ್ಕೊ."

ಅವಳು ನಿಂತಳು. ಚಿಕ್ಕಂದಿನಲ್ಲಿ ಚಳಿಗಾಲದ ಕೋಟಿನ ಗುಂಡಿಗಳನ್ನು ಅವನು ಹಾಕುತ್ತಿದ್ದಾಗ ನಿಲ್ಲುತ್ತಿದ್ದಂತೆ, ಗದ್ದ ಎತ್ತಿ, ಕೈಗಳನ್ನು ಸ್ವಲ್ಪ ದೂರ ಹಿಡಿದು. ಬೆನ್ನ ಹಿಂದೆ ಅವನ ಉಸಿರು ಜೋರಾಗಿ ಬಂದು ಹೋಗುತ್ತಿತ್ತು. ಕಡೆಗೆ ಬಕಲು ಸಿಕ್ಕಿಸಿದ ಸದ್ದು. ಬುಟ್ಟಿ ಮೇಲೇರಿ ಅವಳ ಬೆನ್ನಿಗೆ ಸರಿಯಾಗಿ ಕೂತಿತು.

"ಬಗ್ಗಿ ನೋಡು."

ಬಗ್ಗಿದಳು.

"ಬಿಗಿ ಆಗುತ್ತಾ?"

"ಇಲ್ಲ."

ಅವಳು ನೆಟ್ಟಗಾದಾಗ ಬೇಲಿಯ ಆಚೆಯಿಂದ ಟೂರೆ ಬರುತ್ತಿರುವುದು ಕಂಡಿತು. ಸಾಣೆ ಹಿಡಿದ ಕೊಡಲಿಯನ್ನು ಹೆಗಲಿಗೆ ಏರಿಸಿಕೊಂಡಿದ್ದ, ಏನೋ ಹಾಸ್ಯ ಮನಸ್ಸಿನಲ್ಲೇ ಜೋಡಿಸುತ್ತಿದ್ದವನಂತೆ ಮುಖವೆಲ್ಲ ನಗುವಾಗಿತ್ತು. ಕಿಟಕಿಯ ಹತ್ತಿರ ಬಂದು ಕೈ ಎತ್ತಿದ. ಅವಳ ಹೆಗಲ ಮೇಲಿನ ಚರ್ಮದ ಪಟ್ಟಿಗಳನ್ನು ನೋಡಿದ. ಅವಳ ಹಿಂದೆ ನಿಂತಿದ್ದ ಹಿಲ್ಡಿಂಗನನ್ನು ನೋಡಿದ. ಎತ್ತಿದ ಕೈ ಹಾಗೇ ತಲೆಗೆ ಹೋಗಿ ಟೋಪಿ ತೆಗೆಯಿತು.

ಅವನು ಬಾಗಿಲು ತಟ್ಟಲಿಲ್ಲ. ಕೊಡಲಿಯನ್ನು ಮೆಟ್ಟಿಲ ಮೇಲೆ, ಅಲಗು ಗೋಡೆಯ ಕಡೆಗಿರುವಂತೆ, ಸದ್ದಾಗದ ಹಾಗೆ ಮಲಗಿಸಿದ. ಆಮೇಲೆ ಟೋಪಿಯನ್ನು ಕೈಯಲ್ಲೇ ಹಿಡಿದುಕೊಂಡು, ಬರಿದಲೆಯಲ್ಲಿ, ಬಂದ ದಾರಿಯಲ್ಲೇ ಹುಲ್ಲು ದಾಟಿ ಹೋದ.