ಕರೆಯುವವರ ಸಾಲಿನಲ್ಲಿ ಚಂಪಾಬಾಯಿ

ನನ್ನ ಅತ್ತೆ ಶಕುಂತಲಾಬಾಯಿಗೆ ಎಪ್ಪತ್ತೈದು ತುಂಬಿತು. ಇದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಆದರೆ ನನ್ನ ಗಂಡ ಪಂಕಜನಿಗೆ ಉಮರಗಾದಲ್ಲಿ ಚುನಾವಣೆಗೆ ನಿಲ್ಲುವ ಆಸೆ ಇದ್ದದ್ದರಿಂದ ಅದು ಅಮೃತ ಮಹೋತ್ಸವವಾಯಿತು.

ಅತ್ತೆ ಮೊದಲು ಒಪ್ಪಲೇ ಇಲ್ಲ. ಆಮೇಲೆ ಒಂದು ಷರತ್ತು ಹಾಕಿದರು.

"ಗುಂಜೋಟಿ ಚಂಪಿ ಬರಬೇಕು ನೋಡಪಾ. ಅಕಿ ಬಂದ್ರ ನನಗ ಸಾಕು."

ಚಂಪಾಬಾಯಿ ಅತ್ತೆಯ ತಂಗಿ, ಪಂಕಜನಿಗೆ ಮಾವಶಿ, ಅಂದರೆ ಚಿಕ್ಕಮ್ಮ. ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಪಂಕಜ ಅವರನ್ನು ಫೋನಿನಲ್ಲಿ ಕರೆದಿದ್ದ. ನಮ್ಮವರಲ್ಲಿ ಮನೆಗೆ ಹೋಗಿ, ಬಾಗಿಲಿಗೆ ಕುಂಕುಮ ಹಚ್ಚಿ, ಕೈಗೆ ಅಕ್ಷತೆ ಕೊಟ್ಟರೇ ಕರೆದಂತೆ. ಅಂದಿನಿಂದ ಅಕ್ಕತಂಗಿಯರ ಮಾತು ನಿಂತಿತ್ತು. ಇಬ್ಬರಿಗೂ ಬಿಗುಮಾನ. ಆದರೆ ಗುಂಜೋಟಿಯಿಂದ ಯಾರೇ ನಮ್ಮ ಅಂಗಡಿಗೆ ಬರಲಿ, ತಂಗಿಯ ಮೊಣಕಾಲು ನೋವು ಹೇಗಿದೆ ಎಂದು ಅತ್ತೆ ವಿಚಾರಿಸದೆ ಬಿಡುತ್ತಿರಲಿಲ್ಲ.

"ಮಾವಶಿದು ಕಾಳಜಿ ಬಿಡವ್ವಾ. ಈ ಸಲ ಮಾನ ಹೆಂಗ ಕೊಡ್ತೀನಿ ನೋಡು," ಅಂದ ಪಂಕಜ.

ಕೊಟ್ಟ. ಆಮಂತ್ರಣ ಪತ್ರಿಕೆಯ ಕೊನೆಗೆ 'ನಿಮಂತ್ರಕರು' ಎಂದು ಕರೆಯುವ ಮನೆಯವರ ಹೆಸರು ಹಾಕುವ ಪದ್ಧತಿ ನಮ್ಮ ಕಡೆ ಇದೆ. ಅಲ್ಲಿ ಹೆಸರು ಮೇಲೆ ಕೆಳಗೆ ಆದರೆ ದಾಯಾದಿಗಳು ವರ್ಷಗಟ್ಟಲೆ ಮುಖ ತಿರುಗಿಸುತ್ತಾರೆ. ಪಂಕಜ ಎಲ್ಲರಿಗಿಂತ ಮೇಲೆ ಚಂಪಾಬಾಯಿಯ ಹೆಸರು ಹಾಕಿಸಿದ. ಗುಂಜೋಟಿ ಬಸ್ ನಿಲ್ದಾಣದಲ್ಲಿ ಅವರು ಕೈಮುಗಿದು ನಿಂತ ಬ್ಯಾನರನ್ನೂ ಕಟ್ಟಿಸಿದ. ಪಕ್ಕದಲ್ಲಿ ತನ್ನ ಫೋಟೊ, ಸ್ವಲ್ಪ ದೊಡ್ಡದು.

"ಮನಿಗಿ ಹೋಗಿ ಕರದು ಬರಬಾರ್ದೇನ್ರೀ?" ಎಂದು ಕೇಳಿದೆ.

"ಕರಿಯೋರಿಗಿ ಯಾರಾರ ಕರೀತಾರೇನು? ಅಕಿ ಮನಿಯಾಕಿ ಅದಾಳ."

ನಾನೇ ಹೋಗಿ ಬರುತ್ತೇನೆ ಎಂದೆ. ಹೋದರೆ ಮಾವಶಿಯನ್ನು ಹೊರಗಿನವಳನ್ನಾಗಿ ಮಾಡಿದಂತೆ ಎಂದು ತಡೆದ. ತರ್ಕಕ್ಕೆ ನನ್ನ ಗಂಡನಲ್ಲಿ ಎಂದೂ ಕೊರತೆಯಿಲ್ಲ.

ಕಾರ್ಯಕ್ರಮದ ದಿನ ಮಂಗಲ ಕಾರ್ಯಾಲಯ ತುಂಬಿ ತುಳುಕಿತು. ವೇದಿಕೆಯ ಮೇಲೆ ಅತ್ತೆಯನ್ನು ಹಾರ ಹಾಕಿ ಕೂರಿಸಿದರು. ಬಂದ ಅತಿಥಿಗಳಿಗೆ ಶಾಲು, ತೆಂಗಿನಕಾಯಿ, ತಲೆಗೆ ಫೇಟಾ. ಸತ್ಕಾರ ಮಾಡಿಸಿಕೊಂಡವರು ಸತ್ಕಾರ ಮಾಡಿದವರಿಗೆ ತಿರುಗಿ ಸತ್ಕಾರ ಮಾಡಿದರು. ಉದಗೀರದಿಂದ ಬಂದ ಮುಖ್ಯ ಅತಿಥಿ ಪಂಕಜನ ನಾಯಕತ್ವವನ್ನು ಬಾಯಿತುಂಬ ಹೊಗಳಿ, ಕೊನೆಗೆ ಅತ್ತೆಯ ಹೆಸರೇನು ಎಂದು ಪಕ್ಕದವರನ್ನು ಕೇಳಿದರು. ಅತ್ತೆ ಬದಿಯ ಕುರ್ಚಿಯ ಮೇಲೆ ಕೈಯಿಟ್ಟು, ಅದರಲ್ಲಿ ಯಾರನ್ನೂ ಕೂರಗೊಡದೆ, ಬಾಗಿಲನ್ನೇ ನೋಡುತ್ತಿದ್ದರು.

ಚಂಪಾಬಾಯಿಗೆ ಫೋನ್ ಮಾಡಿದೆ.

"ಬ್ಯಾನರ್ ನೋಡೀನವ್ವಾ. ಊರಿಗೆಲ್ಲಾ ಕೈಮುಗದು ಕರೀಲತ್ತೀನಿ," ಅಂದರು. "ನನಗ ಯಾರು ಕರದಾರ?"

ಅದನ್ನು ಅತ್ತೆಯ ಕಿವಿಯಲ್ಲಿ ಹೇಳಿದೆ. ಅವರು ಹಾರ ತೆಗೆದಿಟ್ಟು, ಆರತಿ ತಟ್ಟೆಯಿಂದ ಕುಂಕುಮದ ಬಟ್ಟಲು ಮತ್ತು ಒಂದು ಹಿಡಿ ಅಕ್ಷತೆ ಎತ್ತಿಕೊಂಡರು.

"ಶುಭಾಂಗಿ, ಗಾಡಿ ತಗಿ," ಎಂದರು ನನಗೆ.

ನಾವು ಇಳಿದು ಹೋದದ್ದನ್ನು ಯಾರೂ ತಡೆಯಲಿಲ್ಲ. ಎಲ್ಲರೂ ಮುಂದಿನ ಸತ್ಕಾರದ ಫೋಟೊಗೆ ನಿಂತಿದ್ದರು.

ಗುಂಜೋಟಿಯಲ್ಲಿ ಚಂಪಾಬಾಯಿಯ ಬಾಗಿಲು ತೆರೆದೇ ಇತ್ತು. ಅತ್ತೆ ಬಾಗಿಲಿಗೆ ಕುಂಕುಮ ಹಚ್ಚಿ ಒಳಗೆ ಕಾಲಿಟ್ಟರು. ಚಂಪಾಬಾಯಿ ಹಸಿರು ಪೈಠಣಿ ಸೀರೆ ಉಟ್ಟು, ಮೂಗಿಗೆ ನತ್ತು ಇಟ್ಟು, ಮಂಚದ ತುದಿಯಲ್ಲಿ ಕೂತಿದ್ದರು. ಮುಡಿದ ಅಬ್ಬಲಿಗೆ ಬಾಡಿತ್ತು. ಮುಂಜಾನೆಯೇ ಮುಡಿದದ್ದಿರಬೇಕು.

"ಅಕ್ಷತಾ ತಗೋ ಚಂಪಿ. ಕಾರ್ಯಕ್ರಮ ಅದ."

"ಯಾರದು?"

"ನಂದು. ನಾನೇ ಕರೀಲಾಕ ಬಂದೀನಿ."

ಚಂಪಾಬಾಯಿ ಅಕ್ಷತೆಯನ್ನು ಸೆರಗಿನ ತುದಿಗೆ ಹಾಕಿಕೊಂಡರು. ಗಂಟನ್ನು ಅತ್ತೆಯೇ ಕಟ್ಟಿಕೊಟ್ಟರು. ಆಮೇಲೆ ಇಬ್ಬರೂ ಅತ್ತರು. ನಾನೂ ಅತ್ತುಬಿಟ್ಟೆ.

ಅಷ್ಟರಲ್ಲಿ ಪಂಕಜನ ಫೋನ್ ಬಂತು. ತಾಯಿ ವೇದಿಕೆಯಲ್ಲಿಲ್ಲ ಎಂಬುದು ಅವನಿಗೆ ತಿಳಿದದ್ದು ಕೇಕ್ ಕತ್ತರಿಸಲು ಕೈ ಬೇಕಾದಾಗ.

"ಅವ್ವ ಎಲ್ಲಿ ಅದಾಳ? ಕಾರ್ಯಕ್ರಮ ಮುಗೀಲತ್ತದ."

"ನಿಮ್ಮದು ಮುಗಸ್ರೀ," ಅಂದೆ. "ಅವರದು ಈಗ ಸುರು ಆಗ್ಯದ."